ಹಿಮಕ್ಕೆ ಹೊರಟ ಮಕ್ಕಳ ಜೊತೆಗೆ



ನಮ್ಮೂರ ಕಡೆ ಮಂಜು ಎಂದರೆ ಮಡಿಕೇರಿ, ಆಗುಂಬೆಯ ಬೆಳಗಿನ ಮುಸುಕು. ಹಿಮ ಎಂಬುದು ಪಾಠದ ಪುಸ್ತಕದ ಮಾತು. 2009ರ ಫೆಬ್ರವರಿ 2ರಂದು ಲಂಡನ್ನಿನಲ್ಲಿ ಹಿಮ ಸುರಿದು ಬಸ್ಸುಗಳೆಲ್ಲ ನಿಂತಾಗ ನಾವು ಕಿಟಕಿಯಲ್ಲಿ ನಿಂತು ಬೆರಗಾದವರು. ನಮ್ಮ ಮಕ್ಕಳಾದರೋ ಶಾಲೆಯಿಂದಲೇ ಹಿಮದ ಪ್ರವಾಸಕ್ಕೆ ಹೊರಡುತ್ತಾರೆ. ಶಾಲೆಯ ಪತ್ರ ಬಂದ ರಾತ್ರಿ ಅನೇಕ ಮನೆಗಳಲ್ಲಿ ಒಂದೇ ಚರ್ಚೆ: ಕಳಿಸೋಣವೇ, ಬೇಡವೇ?

ಈ ಪ್ರವಾಸಗಳು ಮುಖ್ಯವಾಗಿ ಎರಡು ಬಗೆ. ಒಂದು, ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿ 2009ರಲ್ಲಿ ಆರಂಭವಾದ ಒಳಾಂಗಣ ಹಿಮದ ಇಳಿಜಾರಿನಂಥ ಕಡೆಗೆ ಒಂದು ದಿನದ ಪ್ರವಾಸ. ಇನ್ನೊಂದು, ಆಲ್ಪ್ಸ್ ಪರ್ವತಕ್ಕೆ ಒಂದು ವಾರದ ಸ್ಕೀಯಿಂಗ್. ಎರಡನೆಯದಕ್ಕೆ ಹೆಚ್ಚಾಗಿ ಶಿಕ್ಷಕರೇ ಹೋಗುತ್ತಾರೆ. ಮೊದಲನೆಯದಕ್ಕೆ ಪೋಷಕರನ್ನೂ ಸಹಾಯಕ್ಕೆ ಕರೆಯುವುದುಂಟು. ಶಾಲಾ ಮಕ್ಕಳ ಗುಂಪಿಗೆ ಇಷ್ಟೇ ಜನ ದೊಡ್ಡವರಿರಬೇಕು ಎಂಬ ಒಂದೇ ಲೆಕ್ಕ ಇಲ್ಲ. ಮಕ್ಕಳ ವಯಸ್ಸು, ಸ್ಥಳ, ಅಪಾಯಗಳನ್ನು ತೂಗಿ ಶಾಲೆಯೇ ನಿರ್ಧರಿಸುತ್ತದೆ.

ಹಾಗೆ ಜೊತೆಗೆ ಹೋದರೆ ನಮ್ಮ ಕೆಲಸವೇನು? ಹಿಮದ ಮೇಲೆ ಕಲಿಸುವವರು ತರಬೇತುದಾರರು. ನಮ್ಮದು ತಲೆ ಎಣಿಸುವುದು. ಕೋಚ್ ಹತ್ತುವಾಗ, ಇಳಿಯುವಾಗ, ಊಟಕ್ಕೆ ಮುಂಚೆ, ಊಟದ ನಂತರ. ಒದ್ದೆ ಕೈಗವಸು ಬದಲಿಸುವುದು. ಔಷಧಿಯನ್ನು ನಾವು ಕೊಡಬಾರದು, ಅದಕ್ಕೆಂದೇ ನೇಮಿಸಿದ ಶಿಕ್ಷಕರೇ ಕೊಡಬೇಕು. ಬೇರೆಯವರ ಮಕ್ಕಳ ಫೋಟೊ ತೆಗೆದು ಹಂಚಬಾರದು. ನಮ್ಮ ಮಗುವನ್ನಷ್ಟೇ ನೋಡಿಕೊಂಡರೆ ಸಾಲದು, ಅಂದು ಎಲ್ಲರೂ ನಮ್ಮ ಮಕ್ಕಳೇ.

ಎಲ್ಲಕ್ಕಿಂತ ಮುಖ್ಯವಾಗಿ, ಸುಮ್ಮನಾದ ಮಗುವನ್ನು ಗಮನಿಸಬೇಕು. ಗಲಾಟೆ ಮಾಡುವ ಮಗು ಸಾಮಾನ್ಯವಾಗಿ ಬೆಚ್ಚಗಿರುತ್ತದೆ. ನಡುಗುತ್ತಾ, ತೊದಲುತ್ತಾ, ಮಂಕಾಗಿ ಕುಳಿತ ಮಗುವಿನ ಮೈಶಾಖ ಇಳಿದಿರಬಹುದು. 1971ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟದಲ್ಲಿ ಹಿಮಗಾಳಿಗೆ ಸಿಕ್ಕ ಎಡಿನ್‌ಬರೋದ ಐವರು ಶಾಲಾ ಮಕ್ಕಳೂ 18 ವರ್ಷದ ಒಬ್ಬ ಸಹಾಯಕಿಯೂ ತೀರಿಕೊಂಡರು. ಆ ದುರಂತದ ನಂತರ, ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರ ಅರ್ಹತೆಯ ವಿಚಾರದಲ್ಲಿ ಈ ದೇಶ ಬಿಗಿಯಾಯಿತು. ಇಂದು ಶಾಲೆ ಕೇಳುವ ಉದ್ದುದ್ದ ಫಾರಂಗಳ ಹಿಂದೆ ಇಂಥ ನೋವುಗಳಿವೆ. ಬೇಸರಿಸದೆ, ಆಸ್ತಮಾ, ಅಲರ್ಜಿ ಏನನ್ನೂ ಮುಚ್ಚಿಡದೆ ತುಂಬೋಣ.

ಬಟ್ಟೆಯ ವಿಷಯ. ಜೀನ್ಸ್ ಮತ್ತು ಹತ್ತಿ ಬನಿಯನ್ ಒದ್ದೆಯಾದರೆ ಮೈಯ ಶಾಖ ಎಳೆದುಕೊಳ್ಳುತ್ತವೆ. ಉಣ್ಣೆ ಅಥವಾ ಥರ್ಮಲ್ ಒಳ್ಳೆಯದು. ನಮ್ಮ ಮೈಬಣ್ಣಕ್ಕೆ ಬಿಸಿಲು ತಾಗದು ಎಂಬ ಮಾತು ಬೇಡ. ಹೊಸ ಹಿಮ ಅತಿನೇರಳೆ ಕಿರಣಗಳ ಶೇಕಡಾ 80ರವರೆಗೂ ಪ್ರತಿಫಲಿಸುತ್ತದೆ; ಸನ್‌ಕ್ರೀಮ್, ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಸಸ್ಯಾಹಾರವೆಂದರೆ ಮೀನೂ ಇಲ್ಲ, ಜೆಲಟಿನ್ ಕೂಡ ಇಲ್ಲ ಎಂದು ಮೊದಲೇ ಬರೆದುಕೊಡಿ. ಚೀಲದಲ್ಲಿ ಒಂದಿಷ್ಟು ಚಕ್ಕುಲಿ ಇದ್ದರೆ ಗೆಳೆಯರೂ ಹೆಚ್ಚುತ್ತಾರೆ!

ಆಲ್ಪ್ಸ್‌ಗೆ ಹೋಗುವ ಮಗುವಿನದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಷೆಂಗೆನ್ ವೀಸಾ ವಿಚಾರವನ್ನು ತಿಂಗಳುಗಳ ಮುಂಚೆಯೇ ಶಾಲೆಯೊಡನೆ ಮಾತನಾಡಿ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ, ಹಿಂತಿರುಗುವ ದಿನದ ನಂತರ ಮೂರು ತಿಂಗಳ ಅವಧಿ ಉಳಿದಿರಬೇಕು. ಉಚಿತವಾಗಿ ಸಿಗುವ ಜಿಎಚ್‌ಐಸಿ ಕಾರ್ಡ್ ಬೆಟ್ಟದಿಂದ ಇಳಿಸಿ ತರುವ ಖರ್ಚು ಕೊಡುವುದಿಲ್ಲ. ಶಾಲೆಯ ವಿಮೆಯಲ್ಲಿ ಅದು ಸೇರಿದೆಯೇ ಎಂದು ಕೇಳಿ.

ಕೊನೆಗೆ ಹಣ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯಂತೆ, ಸರ್ಕಾರಿ ಶಾಲೆ ಶಾಲಾ ವೇಳೆಯಲ್ಲಿ ನಡೆಸುವ ಪ್ರವಾಸಕ್ಕೆ ಸ್ವಯಂಪ್ರೇರಿತ ದೇಣಿಗೆಯನ್ನಷ್ಟೇ ಕೇಳಬಹುದು. ಕೊಡಲಾಗದ ಮನೆಯ ಮಗುವನ್ನು ಆ ಕಾರಣಕ್ಕೆ ಬಿಟ್ಟು ಹೋಗುವಂತಿಲ್ಲ. ರಜೆಯಲ್ಲಿ ನಡೆಯುವ ಸ್ಕೀ ವಾರಕ್ಕೆ ಮಾತ್ರ ಪೂರ್ತಿ ಖರ್ಚು ಕೇಳಬಹುದು. ಆಗಲೂ ಕಂತು, ಸಹಾಯಧನ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಏಕೆಂದರೆ ಕೆಲವು ಮಕ್ಕಳು ಮನೆಯ ಕಷ್ಟ ಅರಿತು ಆ ಪತ್ರವನ್ನು ಚೀಲದಿಂದ ಹೊರತೆಗೆಯುವುದೇ ಇಲ್ಲ. ಕೇಳಿದರೆ, "ನನಗೆ ಇಷ್ಟ ಇಲ್ಲಮ್ಮ" ಎನ್ನುತ್ತಾರೆ. ಆ ಮಾತನ್ನು ಒಂದೇ ಸಲಕ್ಕೆ ನಂಬಬೇಡಿ. ಹತ್ತಿರ ಕೂರಿಸಿಕೊಂಡು ಮತ್ತೊಮ್ಮೆ ಕೇಳಿ. ಪಕ್ಕದ ಮನೆಯ ಮಗುವಿನ ಬಗ್ಗೆಯೂ ಅಷ್ಟೇ ಅಕ್ಕರೆಯಿಂದ ವಿಚಾರಿಸಿ. ಸಮುದಾಯ ಎಂದು ನಾವು ಕರೆದುಕೊಳ್ಳುವುದು ಇದಕ್ಕೇ ಅಲ್ಲವೇ?