ಲೂಪಸ್ ಇದ್ದರೆ ಹಾರ್ಮೋನ್ ಬೇಡವೇ ಬೇಡವಾ?

ಮುಟ್ಟು ನಿಂತಿದೆ. ರಾತ್ರಿ ಮೈಗೆ ಝಳ ಬಡಿದು ದಿಂಬೆಲ್ಲ ಒದ್ದೆ. ಹಾರ್ಮೋನ್ ಚಿಕಿತ್ಸೆ ಕೇಳಿದರೆ, "ನಿಮಗೆ ಲೂಪಸ್ ಇದೆಯಲ್ಲ, ಬೇಡ" ಅಂತಾರೆ. ಈ 'ಬೇಡ' ಎಲ್ಲರಿಗೂ ಸರಿಯೇ?

ಹೆದರಿಕೆಗೆ ಕಾರಣವಂತೂ ಇದೆ. ರೋಗನಿರೋಧಕ ಶಕ್ತಿ ಸ್ವಂತ ದೇಹವನ್ನೇ ಘಾಸಿ ಮಾಡುವ ಕಾಯಿಲೆ ಲೂಪಸ್. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಈ ಚಿಕಿತ್ಸೆಯಲ್ಲಿ ಕೊಡುವ ಈಸ್ಟ್ರೋಜನ್ ಹಾರ್ಮೋನು ರೋಗನಿರೋಧಕ ಶಕ್ತಿಯನ್ನು ಕೆರಳಿಸಬಲ್ಲದು. ಅಂದರೆ ಲೂಪಸ್ಸು ಬೂದಿ ಮುಚ್ಚಿದ ಕೆಂಡ, ಹಾರ್ಮೋನು ಗಾಳಿ. ಗಾಳಿ ಬೀಸಿದರೆ ಎಷ್ಟು ಉರಿಯುತ್ತೆ? ಊಹೆ ಯಾಕೆ, ಅಮೆರಿಕದಲ್ಲಿ ಅಳೆದೇ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಸೆಲೀನಾ ಅಧ್ಯಯನ. ಮುಟ್ಟು ನಿಂತ, ಲೂಪಸ್ ಇರುವ 351 ಮಹಿಳೆಯರು. ಅರ್ಧದಷ್ಟು ಜನಕ್ಕೆ ಹಾರ್ಮೋನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಒಂದು ವರ್ಷ. ಹಾರ್ಮೋನ್ ತಗೊಂಡವರಲ್ಲಿ ಸಣ್ಣಪುಟ್ಟ ಉಲ್ಬಣ ಹೆಚ್ಚಾಯಿತು, ನಿಜ. ಆದರೆ ತೀವ್ರ ಉಲ್ಬಣದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಕಿಡಿ ಹಾರಿತು, ಮನೆ ಹೊತ್ತಲಿಲ್ಲ.

ಹಾಗಾದರೆ ಎಲ್ಲರೂ ತಗೋಬಹುದಾ? ಖಂಡಿತ ಇಲ್ಲ. ಕಾಯಿಲೆ ಜೋರಾಗಿದ್ದವರನ್ನೂ, ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರನ್ನೂ ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಇಲ್ಲೇ ಇರೋದು ಅಸಲಿ ವಿಷಯ. ಕೆಲವರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಅನ್ನೋ ಪ್ರತಿಕಾಯ ಇರುತ್ತೆ. ಅಂಥವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. ಅವರಿಗೆ ಹಾರ್ಮೋನ್ ಬೇಡ ಅನ್ನುತ್ತೆ ಅಮೆರಿಕದ ಸಂಧಿವಾತ ತಜ್ಞರ 2020ರ ಮಾರ್ಗಸೂಚಿ. ಆ ಪ್ರತಿಕಾಯ ಇಲ್ಲದೆ, ಲೂಪಸ್ಸೂ ಹತೋಟಿಯಲ್ಲಿದ್ದು, ಝಳ ತಡೆಯಲಾಗದಷ್ಟಿದ್ದರೆ? ಕೊಡಬಹುದು ಅನ್ನುತ್ತೆ ಅದೇ ಮಾರ್ಗಸೂಚಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಇಷ್ಟು ಕೇಳಿ: "ನನಗೆ ಆ ಪ್ರತಿಕಾಯದ ರಕ್ತಪರೀಕ್ಷೆ ಆಗಿದೆಯಾ?"