ಪೆಟ್ಟಿಗೆಯಲ್ಲಿ ಬಂದ ದುಂಬಿ

ತಪ್ಪು ಕಲ್ಪನೆ: ಮನೆಯ ತೊಲೆ ಕೊರೆಯುವ ಕರಿದುಂಬಿಯೇ ಬಂಬಲ್ ಬೀ.

ಸತ್ಯ: ಅಲ್ಲ. ಅದು ಬಡಗಿ ದುಂಬಿ. ಹೊಟ್ಟೆ ನುಣುಪಾಗಿ ಮಿರಮಿರ ಹೊಳೆಯುತ್ತದೆ. ಬಂಬಲ್ ಬೀಗೆ ಮೈತುಂಬ ತುಪ್ಪಳ, ಒಗ್ಗುವುದು ಚಳಿಯ ಸೀಮೆ. ಭಾರತದಲ್ಲಿ ನೋಡಬೇಕೆಂದರೆ ಹಿಮಾಲಯದ ಕಡೆಗೇ ಹೋಗಬೇಕು.

ತಪ್ಪು ಕಲ್ಪನೆ: ಕಾಡಿನ ದುಂಬಿ ಕಡಿಮೆಯಾದರೇನಂತೆ, ಸಾಕಿದವನ್ನು ತಂದು ಬಿಟ್ಟರಾಯಿತು.

ಸತ್ಯ: ಈ ಲೆಕ್ಕಾಚಾರ ಎಲ್ಲಿಗೆ ಮುಟ್ಟುತ್ತದೆಂದು ಚಿಲಿ ದೇಶವನ್ನು ಕೇಳಬೇಕು. ಗಾಳಿಯಾಡದ ಹಸಿರುಮನೆಯಲ್ಲಿ ಟೊಮೆಟೊ ಹೂವಿನ ಪರಾಗ ಸುಲಭಕ್ಕೆ ಉದುರದು. ಬಂಬಲ್ ಬೀ ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನಷ್ಟೇ ಗುಂಯ್ಯೆಂದು ಅದುರಿಸುತ್ತದೆ. ಪರಾಗ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಹೀಗಾಗಿ 1980ರ ದಶಕದ ಕೊನೆಗೆ ಯುರೋಪಿನಲ್ಲಿ ಬಂಬಲ್ ಬೀ ಸಾಕಿ ಮಾರುವುದೇ ಒಂದು ಉದ್ಯಮವಾಯಿತು. 1990ರ ದಶಕದ ಕೊನೆಯಲ್ಲಿ ಚಿಲಿಯೂ ಬಾಂಬಸ್ ಟೆರೆಸ್ಟ್ರಿಸ್ ಎಂಬ ಯುರೋಪಿನ ಜಾತಿಯನ್ನು ತರಿಸಿಕೊಂಡಿತು. ಹಸಿರುಮನೆಯ ಬಾಗಿಲು ಅವನ್ನು ತಡೆಯಲಿಲ್ಲ.

ಆ ಸೀಮೆಯ ಸ್ವಂತ ದುಂಬಿ ಬಾಂಬಸ್ ಡಾಲ್ಬೋಮಿ. ಕಿತ್ತಳೆ ಬಣ್ಣ, ಬಂಬಲ್ ಬೀಗಳಲ್ಲೇ ದೈತ್ಯ. ಅದರ ರಾಣಿಗೆ ‘ಹಾರುವ ಇಲಿ’ ಎಂಬ ಅಡ್ಡಹೆಸರೇ ಇದೆ. ಹೊಸಬ ಹರಡಿದಲ್ಲೆಲ್ಲ ಇದು ಕಾಣೆಯಾಗುತ್ತ ಬಂತು. ಹೂವಿಗೆ ಪೈಪೋಟಿ ಒಂದೆಡೆ, ಹೊಸಬನ ಜತೆ ಬಂದ ಪರೋಪಜೀವಿಗಳು ಇನ್ನೊಂದೆಡೆ ಎಂಬುದು ಸಂಶೋಧಕರ ಬಲವಾದ ಶಂಕೆ. ಪಕ್ಕದ ಅರ್ಜೆಂಟೀನಾ ಆ ಯುರೋಪಿನ ದುಂಬಿಯನ್ನು ಆಮದು ಮಾಡಿಕೊಂಡಿರಲೇ ಇಲ್ಲ. ಆದರೇನು, ಕೀಟಕ್ಕೆ ಯಾವ ಗಡಿ? 2006ರ ಹೊತ್ತಿಗೆ ಅಲ್ಲೂ ಹಾಜರು. ಡಾಲ್ಬೋಮಿ ಈಗ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ.

ತಪ್ಪು ಕಲ್ಪನೆ: ಬಂಬಲ್ ಬೀ ಕಡಿಮೆಯಾಗುತ್ತಿರುವುದಕ್ಕೆಲ್ಲ ಕೀಟನಾಶಕವೇ ಕಾರಣ.

ಸತ್ಯ: ಕಾರಣ ಹೌದು, ಆದರೆ ಅದೊಂದೇ ಅಲ್ಲ. ಬಂಬಲ್ ಬೀಯದು ಸಾಮಾನ್ಯವಾಗಿ ಒಂದೇ ವರ್ಷದ ಸಂಸಾರ. ಚಳಿಗಾಲಕ್ಕೆ ಗೂಡಿನವೆಲ್ಲ ಸತ್ತು, ಹೊಸ ರಾಣಿಯರು ಮಾತ್ರ ಮಣ್ಣಿನಡಿ ಮಲಗಿ ಉಳಿಯುತ್ತಾರೆ. ವಸಂತದಲ್ಲಿ ಎದ್ದಾಗ ಹತ್ತಿರದಲ್ಲಿ ಹೂವಿಲ್ಲದಿದ್ದರೆ ಆ ವರ್ಷ ಗೂಡೂ ಇಲ್ಲ. ಹುಲ್ಲುಗಾವಲು ಹೊಲವಾಯಿತು, ಬಿಸಿಲು ಏರಿತು, ರೋಗ ಹಬ್ಬಿತು. ಅಮೆರಿಕದಲ್ಲಿ ಬೆನ್ನ ಮೇಲೆ ತುಕ್ಕುಬಣ್ಣದ ಮಚ್ಚೆಯಿರುವ ಬಾಂಬಸ್ ಅಫಿನಿಸ್ ಸುಮಾರು 20 ವರ್ಷಗಳಲ್ಲಿ ತನ್ನ ನೆಲೆಯ ಬಹುಪಾಲನ್ನು ಕಳೆದುಕೊಂಡು, 2017ರಲ್ಲಿ ಸರ್ಕಾರದ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು.

ನಮ್ಮ ಟೊಮೆಟೊ ಹೊಲಗಳಲ್ಲಿ ಹೂವನ್ನು ಅದುರಿಸುವ ಕೆಲಸಕ್ಕೆ ಊರಿನದೇ ನೀಲಿಪಟ್ಟೆಯ ಜೇನುಗಳಿವೆ. ಪಾಲಿಹೌಸಿಗೆ ಪರದೇಶದ ದುಂಬಿ ತರಿಸೋಣವೆಂದು ಯಾರಾದರೂ ಮಾತೆತ್ತಿದರೆ, ದಯವಿಟ್ಟು ಚಿಲಿಯ ಕಥೆ ಹೇಳಿ.