ಕಾರ್ಡ್ ಕೊಳ್ಳುವ ಮುನ್ನ ಕ್ಯಾಬಿನೆಟ್ ಬಿಚ್ಚಿ ನೋಡಿ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುತ್ತಾರೆ. ತೆಂಗಿನಕಾಯಿ ಕೊಳ್ಳುವವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. 1927ರಲ್ಲಿ ಕಟ್ಟಿದ ಈ ಮಾರುಕಟ್ಟೆಯ ಆಸುಪಾಸಿನ ಗಲ್ಲಿಗಳಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಗುಜರಿ ಅಂಗಡಿಗಳಿವೆ. ಅಲ್ಲಿಗೆ ಬರುವ ಮೆಕ್ಯಾನಿಕ್ ಕೆಟ್ಟುಹೋದ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಬಂದು, ಅಳತೆ ಕೂಡುತ್ತದಾ ಎಂದು ನೋಡಿದ ಮೇಲೆ ಬೆಲೆ ಮಾತಾಡುತ್ತಾನೆ.

ಐವತ್ತು ರೂಪಾಯಿ ಸಾಮಾನಿಗೇ ಇಷ್ಟು ಜಾಗ್ರತೆ. ಆದರೆ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಹತ್ತು ಹದಿನೈದು ಸಾವಿರದ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಡುವಾಗ ಜೇಬಿನಲ್ಲಿ ಇರುವುದು ಯೂಟ್ಯೂಬ್ ವಿಡಿಯೊದಲ್ಲಿ ಕೇಳಿದ ಒಂದು ಹೆಸರು, ಅಷ್ಟೇ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಯಾವ ಕಾರ್ಡ್ ಚೆನ್ನಾಗಿದೆ ಎಂದು ಕೇಳುವ ಮೊದಲು, ನಿಮ್ಮ ಮೇಜಿನ ಕೆಳಗಿರುವ ಕಂಪ್ಯೂಟರ್ ಎಂಥ ಕಾರ್ಡನ್ನು ತಡೆದುಕೊಳ್ಳುತ್ತದೆ ಎಂದು ನೋಡಿ.

ನಮ್ಮ ಮನೆ ಈ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಅಪ್ಪ ಒಂದು ಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಬಿಇ ಸೇರಿದಾಗ ಅವರು ಕೊಡಿಸಿದ್ದು ಕಂಪನಿಯೊಂದರಲ್ಲಿ ಬಳಸಿ ಬಿಟ್ಟ ಡೆಸ್ಕ್‌ಟಾಪ್. ಬೆಂಗಳೂರಿನ ಐಟಿ ಕಂಪನಿಗಳು ಲೀಸ್ ಮುಗಿದ ಕಂಪ್ಯೂಟರ್‌ಗಳನ್ನು ಹೊರಗೆ ಹಾಕಿದಾಗ ಅವು ರಿಫರ್ಬಿಶ್ಡ್ ಹೆಸರಿನಲ್ಲಿ ನಮ್ಮಂಥವರ ಮನೆ ಸೇರುತ್ತವೆ. ನನ್ನದರಲ್ಲಿ ಇಂಟೆಲ್ ಐ5 6500 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜತೆಗೆ ಅಂಗಡಿಯವರು 'ಗೇಮಿಂಗ್‌ಗೆ' ಎಂದು ಹಾಕಿಕೊಟ್ಟ 2 ಜಿಬಿಯ ಜಿಟಿ 710 ಕಾರ್ಡ್ ಇತ್ತು. ಅದರಲ್ಲಿ ಜಿಟಿಎ 5 ಆಡಿದರೆ ಕಾರು ಓಡುವುದಕ್ಕಿಂತ ಕುಂಟುವುದೇ ಹೆಚ್ಚು.

ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟದ್ದು 11,000 ರೂಪಾಯಿ. ಅದರಲ್ಲೇ ಪರೀಕ್ಷಾ ಶುಲ್ಕವೂ ಹೋಗಬೇಕು. ಹಾಗಾಗಿ ಒಂದು ತಿಂಗಳು ಓದಿ, ಅಳೆದು, ಕೇಳಿ ಆಮೇಲೆ ಕೊಂಡೆ. ಆ ಒಂದು ತಿಂಗಳಲ್ಲಿ ತಿಳಿದದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಅಡಚಣೆ ಎಲ್ಲಿದೆ?

ಆಟ ತಡವರಿಸಿದರೆ ತಪ್ಪು ಯಾವಾಗಲೂ ಗ್ರಾಫಿಕ್ಸ್ ಕಾರ್ಡಿನದೇ ಎಂದೇನಿಲ್ಲ. ಪ್ರೊಸೆಸರ್ ಪ್ರತಿಯೊಂದು ಚಿತ್ರಕ್ಕೂ ಲೆಕ್ಕ ಹಾಕಿ ಕೊಡಬೇಕು, ಕಾರ್ಡ್ ಅದನ್ನು ಬರೆಯಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಇಬ್ಬರಲ್ಲಿ ಯಾರು ನಿಧಾನವೋ ಆಟದ ವೇಗ ಅವರದೇ.

ಇದನ್ನು ತಿಳಿಯಲು ಕಾಸು ಖರ್ಚಿಲ್ಲದ ಎರಡು ದಾರಿಗಳಿವೆ. ಆಟ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಜಿಪಿಯು ಬಳಕೆ ಶೇ 95ರ ಮೇಲಿದ್ದರೆ ಕಾರ್ಡ್ ದಣಿದಿದೆ ಎಂದರ್ಥ. ಅದು ಶೇ 50–60ರಲ್ಲೇ ಇದ್ದು ಆಟ ತಡವರಿಸುತ್ತಿದ್ದರೆ ಪ್ರೊಸೆಸರನ್ನೋ ರ‍್ಯಾಮನ್ನೋ ಅನುಮಾನಿಸಿ. ಎರಡನೆಯದು, ಆಟದ ರೆಸೊಲ್ಯೂಷನ್ ಇಳಿಸಿ ನೋಡುವುದು. 1080ಪಿಯಲ್ಲಿ ಒಂದು ಚಿತ್ರಕ್ಕೆ 20,73,600 ಚುಕ್ಕಿಗಳಿದ್ದರೆ, 720ಪಿಯಲ್ಲಿ 9,21,600 ಮಾತ್ರ. ಇಷ್ಟು ಹೊರೆ ಇಳಿಸಿದರೂ ವೇಗ ಏರದಿದ್ದರೆ ಹೊಸ ಕಾರ್ಡ್ ಹಾಕಿದರೂ ಏರುವುದಿಲ್ಲ.

ಗೆಳತಿಯೊಬ್ಬಳ ಜಿಟಿಎಕ್ಸ್ 1650 ಕಾರ್ಡನ್ನು ಒಂದು ದಿನದ ಮಟ್ಟಿಗೆ ತಂದು ನನ್ನ ಕಂಪ್ಯೂಟರ್‌ಗೆ ಹಾಕಿ ನೋಡಿದೆ. ಜಿಟಿಎ 5ರಲ್ಲಿ ಕಾರ್ಡ್ ಪೂರ್ತಿ ದುಡಿಯುತ್ತಿತ್ತು. ವ್ಯಾಲೊರಂಟ್‌ನಲ್ಲಿ ಪ್ರೊಸೆಸರ್ ಬೆವರುತ್ತಿತ್ತು, ಕಾರ್ಡ್ ಅರ್ಧ ನಿದ್ದೆಯಲ್ಲಿತ್ತು. ಇದಕ್ಕಿಂತ ದೊಡ್ಡ ಕಾರ್ಡ್ ಹಾಕಿದರೆ ನಾಲ್ಕು ಕೋರಿನ ಈ ಹಳೆಯ ಪ್ರೊಸೆಸರ್ ಅದಕ್ಕೆ ಕೆಲಸ ಕೊಡಲಾರದು ಎಂದು ಅಲ್ಲೇ ಗೊತ್ತಾಯಿತು. ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ನನ್ನ 8 ಜಿಬಿ ರ‍್ಯಾಮ್ ಒಂದೇ ಕಡ್ಡಿಯಲ್ಲಿತ್ತು. ಅಂಥದ್ದೇ ಇನ್ನೊಂದು ಕಡ್ಡಿ ಸೇರಿಸಿದರೆ ಡ್ಯುಯಲ್ ಚಾನೆಲ್ ಆಗಿ ಪ್ರೊಸೆಸರ್‌ಗೆ ಮಾಹಿತಿ ಸಾಗುವ ದಾರಿ ದುಪ್ಪಟ್ಟಾಗುತ್ತದೆ.

ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ

ಕ್ಯಾಬಿನೆಟ್ ಪಕ್ಕದ ತಗಡು ಬಿಚ್ಚಿದರೆ ಮೂಲೆಯಲ್ಲಿ ಕರೆಂಟ್ ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಇರುತ್ತದೆ. ನನ್ನದರ ಮೇಲೆ 240 ವಾಟ್ ಎಂದು ಬರೆದಿತ್ತು. ಕಾರ್ಡಿಗೆ ಕೊಡಲು ಪ್ರತ್ಯೇಕ ವೈರ್ ಇರಲಿಲ್ಲ. ನನ್ನ ಆಯ್ಕೆಯ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯಿತು.

ಮದರ್‌ಬೋರ್ಡಿನ ಸ್ಲಾಟ್ ಒಂದರಿಂದಲೇ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. 6 ಪಿನ್ ವೈರ್ ಇದ್ದರೆ ಇನ್ನೊಂದು 75, 8 ಪಿನ್ ಆದರೆ 150. ಹಳೆಯ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಆರ್‌ಎಕ್ಸ್ 580ಕ್ಕೆ 185 ವಾಟ್ ಬೇಕು. ಜಿಟಿಎಕ್ಸ್ 1660 ಸೂಪರ್‌ಗೆ 125, ಆರ್‌ಎಕ್ಸ್ 6600ಕ್ಕೆ 132. ಇವೆಲ್ಲ ಒಳ್ಳೆಯ ಕಾರ್ಡ್‌ಗಳೇ. ಆದರೆ ನನ್ನ ಡಬ್ಬಕ್ಕೆ ಅಲ್ಲ.

'ಎಸ್‌ಎಂಪಿಎಸ್ ಬದಲಿಸಿದರಾಯಿತು' ಎನ್ನುವವರಿದ್ದಾರೆ. ಆಫೀಸ್ ಕಂಪ್ಯೂಟರ್‌ಗಳಲ್ಲಿ ಅದು ಅಷ್ಟು ಸುಲಭವಲ್ಲ. ಹಲವು ಮಾದರಿಗಳಲ್ಲಿ ಡಬ್ಬದ ಅಳತೆಯೂ ಬೇರೆ, ಮದರ್‌ಬೋರ್ಡಿಗೆ ಹೋಗುವ ಪಿನ್ನುಗಳೂ ಬೇರೆ. ಒಂದನ್ನು ಬದಲಿಸಲು ಹೋಗಿ ಕ್ಯಾಬಿನೆಟ್, ಮದರ್‌ಬೋರ್ಡ್ ಎಲ್ಲವನ್ನೂ ಬದಲಿಸಬೇಕಾದೀತು. ಕ್ಯಾಬಿನೆಟ್ ತೆಳ್ಳಗಿದ್ದರೆ ಗಿಡ್ಡ ಕಾರ್ಡ್ ಮಾತ್ರ ಕೂರುತ್ತದೆ, ಸ್ಕೇಲ್ ಹಿಡಿದು ಅಳೆಯಿರಿ. ನಿಮ್ಮದು ಹಳೆಯ ಆಫೀಸ್ ಮಾನಿಟರ್ ಆಗಿದ್ದು ವಿಜಿಎ ಮಾತ್ರ ಇದ್ದರೆ ಇನ್ನೊಂದು ಸಣ್ಣ ಖರ್ಚಿದೆ. ಜಿಟಿಎಕ್ಸ್ 10 ಸರಣಿಯಿಂದೀಚಿನ ಕಾರ್ಡ್‌ಗಳಲ್ಲಿ ವಿಜಿಎ ಸಿಗ್ನಲ್ ಬರುವುದಿಲ್ಲ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಬೇಕು.

75 ವಾಟ್ ಒಳಗೆ ನನ್ನ ಮುಂದೆ ಉಳಿದದ್ದು ನಾಲ್ಕು: ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650, ಆರ್‌ಎಕ್ಸ್ 6400, ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಕೊನೆಯದು ನಾಲ್ಕರಲ್ಲಿ ಉತ್ತಮ, ಆದರೆ ನನ್ನ ಹಣಕ್ಕೆ ಎಟುಕಲಿಲ್ಲ. ಆರ್‌ಎಕ್ಸ್ 6400 ನಾಲ್ಕೇ ಲೇನ್‌ಗಳ ಕಾರ್ಡ್, ನನ್ನಂಥ ಹಳೆಯ ಮದರ್‌ಬೋರ್ಡಿನಲ್ಲಿ ಹಾಕಿದರೆ ವೇಗ ಕಳೆದುಕೊಳ್ಳುತ್ತದೆ. 1050 ಟಿಐ ಸೇರಿದಂತೆ 10 ಸರಣಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಕೊನೆಗೆ ಉಳಿದದ್ದು 1650. ಅದರಲ್ಲೂ ಕೆಲವು ಮಾದರಿಗಳು 6 ಪಿನ್ ವೈರ್ ಕೇಳುತ್ತವೆ, ನೋಡಿ ತೆಗೆದುಕೊಳ್ಳಬೇಕು.

ಜಿಬಿ ನೋಡಿ ಮರುಳಾಗಬೇಡಿ

'2 ಜಿಬಿ ಕಾರ್ಡ್', '4 ಜಿಬಿ ಕಾರ್ಡ್' ಎಂದೇ ಮಾರುವುದು ನಮ್ಮಲ್ಲಿ ರೂಢಿ. ಜಿಬಿ ಎಂಬುದು ಕಾರ್ಡಿನ ಗೋದಾಮು. ಗೋದಾಮು ದೊಡ್ಡದಿದ್ದ ಮಾತ್ರಕ್ಕೆ ಕೂಲಿಯವರು ಹೆಚ್ಚಿದ್ದಾರೆ ಎಂದಲ್ಲ. ಜಿಟಿ 710ರಲ್ಲಿ 192 ಕೋರ್‌ಗಳು, ಜಿಟಿಎಕ್ಸ್ 1650ರಲ್ಲಿ 896. ಜ್ಞಾಪಕಕೋಶದಿಂದ ಮಾಹಿತಿ ತರುವ ವೇಗ 710ರಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ, 1650ರಲ್ಲಿ 128 ಜಿಬಿ.

ಒಂದೇ ಹೆಸರಿನಲ್ಲಿ ಎರಡು ಸರಕು ಇರುವುದೂ ಉಂಟು. ಜಿಟಿ 1030 ಕಾರ್ಡ್ ಜಿಡಿಡಿಆರ್5 ಮೆಮೊರಿಯಲ್ಲೂ ಬಂತು, ಡಿಡಿಆರ್4ರಲ್ಲೂ ಬಂತು. ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಸುಮಾರು ಮೂರನೇ ಒಂದು ಭಾಗ. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಯದು 130 ವಾಟ್ ಕೇಳಿದರೆ 6 ಜಿಬಿಯದು 70 ವಾಟ್, ಕೋರ್‌ಗಳೂ ಕಡಿಮೆ. ಹೆಸರಿನ ಜತೆ ಪೂರ್ತಿ ವಿವರ ಕೇಳಿ ಬರೆದುಕೊಳ್ಳಿ.

ಹಾಗೆಂದು ಜಿಬಿ ಲೆಕ್ಕಕ್ಕೇ ಇಲ್ಲ ಎಂದೂ ಅಲ್ಲ. ಈಚಿನ ದೊಡ್ಡ ಆಟಗಳಿಗೆ 4 ಜಿಬಿ ಸಾಲುವುದಿಲ್ಲ. 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್', 'ಡೂಮ್: ದ ಡಾರ್ಕ್ ಏಜಸ್' ಮುಂತಾದವು ರೇ ಟ್ರೇಸಿಂಗ್ ಸೌಲಭ್ಯವಿರುವ ಕಾರ್ಡನ್ನೇ ಬಯಸುತ್ತವೆ. ಅವುಗಳ ಆಸೆಯಿದ್ದರೆ 1650 ಕೊಳ್ಳದೆ ಇನ್ನೊಂದು ವರ್ಷ ಹಣ ಕೂಡಿಡುವುದೇ ಜಾಣತನ. ನಾನು ಆಡುವ ಆಟಗಳ ಪಟ್ಟಿಯಲ್ಲಿ ಅವು ಇರಲಿಲ್ಲ.

ಎಸ್.ಪಿ. ರಸ್ತೆಗೆ ಅಪ್ಪನ ಜತೆ

ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ, ಅಂದರೆ ನಮ್ಮೆಲ್ಲರ ಎಸ್.ಪಿ. ರಸ್ತೆಗೆ ಒಂದು ಶನಿವಾರ ಹೊರಟಾಗ ಅಪ್ಪನೂ ಬಂದರು. ಮೊದಲು ಹೋದ ಅಂಗಡಿಯಲ್ಲಿ 'ತಮ್ಮನಿಗಾ ಮೇಡಂ?' ಎಂದು ಕೇಳಿದರು. 'ಇಲ್ಲ ಅಣ್ಣ, ನನಗೇ' ಎಂದೆ. ಆರ್‌ಎಕ್ಸ್ 580 ತೋರಿಸಿ, 'ಆರೂವರೆ ಸಾವಿರಕ್ಕೆ 8 ಜಿಬಿ, ಏಳು ದಿನ ಚೆಕಿಂಗ್ ವಾರಂಟಿ' ಎಂದರು. 1650 ಕೇಳಿದಾಗ ಅದೂ ಇತ್ತು. ಆದರೆ ಲೋಡ್ ಕೊಟ್ಟು ಓಡಿಸಿ ತೋರಿಸಿ ಎಂದರೆ ಒಪ್ಪಲಿಲ್ಲ, 'ಡಿಸ್‌ಪ್ಲೇ ಬಂತಲ್ಲ, ಸಾಕು' ಎಂದರು.

ಹೊರಗೆ ಬಂದ ಮೇಲೆ ಅಪ್ಪ ಹೇಳಿದ್ದು: 'ಹಣ್ಣಿನ ಪೆಟ್ಟಿಗೇಲಿ ಮೇಲಿನ ಸಾಲು ಎಲ್ಲರೂ ತೋರಿಸ್ತಾರೆ ಕಣೇ. ಕೆಳಗಿನ ಸಾಲು ತೆಗೆದು ತೋರಿಸೋನ ಹತ್ರ ತಗೋಬೇಕು.'

ಹಳೆಯ ಕಾರ್ಡಿನ ಕೆಳಗಿನ ಸಾಲು ಎಂದರೆ ಅದರ ಹಿಂದಿನ ಬದುಕು. 2020–22ರಲ್ಲಿ ಕ್ರಿಪ್ಟೊ ಹಣಕ್ಕಾಗಿ ಕಾರ್ಡ್‌ಗಳನ್ನು ಹಗಲು ರಾತ್ರಿ ಓಡಿಸಲಾಗುತ್ತಿತ್ತು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ವಿಧಾನ ಬದಲಿಸಿದಾಗ ಆ ದಂಧೆಗೆ ಕಾರ್ಡ್‌ಗಳ ಅಗತ್ಯ ತಪ್ಪಿ, ಬಳಸಿದವು ಹಳೆಯ ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡ್ ಕೆಟ್ಟೇ ಇರುತ್ತದೆ ಎಂದಲ್ಲ, ಆದರೆ ಫ್ಯಾನ್ ಸವೆದಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು. ಹಾಗಾಗಿ ನಾನು ಬರೆದುಕೊಂಡು ಹೋಗಿದ್ದ ಪರೀಕ್ಷೆಗಳು ಇವು:

• ಜಿಪಿಯು-ಝಡ್ ತಂತ್ರಾಂಶ ತೆರೆದು ಕೋರ್ ಸಂಖ್ಯೆ, ಮೆಮೊರಿ ಬಗೆ ತಾಳೆ ನೋಡುವುದು. ಬಯಾಸ್ ಬದಲಿಸಿ ಹಳೆಯ ಕಾರ್ಡಿಗೆ ಹೊಸ ಹೆಸರು ಕೊಟ್ಟಿದ್ದರೆ ಇದು ಬಹುತೇಕ ಹಿಡಿದುಬಿಡುತ್ತದೆ.

• ಫರ್‌ಮಾರ್ಕ್ ಅಥವಾ ಯಾವುದಾದರೂ ಭಾರಿ ಆಟವನ್ನು ಹದಿನೈದು ನಿಮಿಷ ಓಡಿಸುವುದು. ಪರದೆಯಲ್ಲಿ ಚುಕ್ಕಿ, ಪಟ್ಟಿ ಬಂದರೆ ಬೇಡ. ಬಿಸಿ ಏರುತ್ತಾ ಹೋಗದೆ ಒಂದು ಮಟ್ಟದಲ್ಲಿ ನಿಲ್ಲಬೇಕು.

• ಫ್ಯಾನ್ ಸದ್ದು ಕೇಳುವುದು, ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡುವುದು.

• ಸ್ಕ್ರೂಗಳ ತಲೆ ಸವೆದಿದೆಯೇ, ಸ್ಟಿಕರ್ ಹರಿದಿದೆಯೇ ನೋಡುವುದು. ಹರಿದಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆ ಎಂದು ಕೇಳಬೇಕು.

• ಸೀರಿಯಲ್ ನಂಬರ್ ಮತ್ತು ಮೂಲ ಬಿಲ್ ಕೇಳುವುದು.

ನಾಲ್ಕನೆಯ ಅಂಗಡಿಯವರು ಎಲ್ಲಕ್ಕೂ ಒಪ್ಪಿದರು. ಹದಿನೈದು ನಿಮಿಷ ನಾವಿಬ್ಬರೂ ಸ್ಟೂಲ್ ಮೇಲೆ ಕೂತು ಪರದೆ ನೋಡಿದೆವು. ಜಿಟಿಎಕ್ಸ್ 1650, ಪ್ರತ್ಯೇಕ ವೈರ್ ಬೇಡದ ಮಾದರಿ, ಮೂಲ ಬಿಲ್ ಪ್ರಕಾರ ಎಂಟು ತಿಂಗಳ ವಾರಂಟಿ ಬಾಕಿ. 6,800 ರೂಪಾಯಿ. ಆ 580 ಇದಕ್ಕಿಂತ ಮುನ್ನೂರು ರೂಪಾಯಿ ಅಗ್ಗ, ಕಾಗದದ ಮೇಲೆ ಇದಕ್ಕಿಂತ ವೇಗದ್ದು. ನನ್ನ ಕ್ಯಾಬಿನೆಟ್‌ನಲ್ಲಿ ಮಾತ್ರ ಅದು ಅಲಂಕಾರದ ವಸ್ತು.

ಮನೆಯಲ್ಲಿ ಏನು ಹೇಳುವುದು?

ನಮ್ಮ ತರಗತಿಯಲ್ಲಿ ಬಹಳ ಮಂದಿ ಮನೆಯಲ್ಲಿ 'ಪ್ರಾಜೆಕ್ಟ್‌ಗೆ ಬೇಕು' ಎಂದು ಹೇಳಿ ಕಾರ್ಡ್ ಕೊಡಿಸಿಕೊಳ್ಳುತ್ತಾರೆ. ಮಷಿನ್ ಲರ್ನಿಂಗ್ ಕಲಿಕೆಗೆ ಎನ್‌ವಿಡಿಯಾ ಕಾರ್ಡಿನ ಕೂಡಾ ಉಪಯುಕ್ತ ಎಂಬುದು ನಿಜವೇ. ಆದರೆ ಕಾಲೇಜು ಮಟ್ಟದ ಪ್ರಾಜೆಕ್ಟ್ ಬಹುಪಾಲು ಗೂಗಲ್ ಕೊಲ್ಯಾಬ್‌ನಲ್ಲಿ ಮಿತಿಯೊಳಗೆ ಉಚಿತವಾಗಿ ಸಿಗುವ ಜಿಪಿಯುನಲ್ಲೇ ಆಗುತ್ತದೆ. ಸಾಲ ಮಾಡಿ ಫೀಸು ಕಟ್ಟುವ ಮನೆಯಲ್ಲಿ 'ಓದಿಗೆ' ಎಂಬ ಮಾತಿಗೆ ತುಂಬ ಬೆಲೆಯಿದೆ. ಆ ಮಾತನ್ನು ಆಟಕ್ಕೆ ಬಳಸಿದರೆ, ನಾಳೆ ನಿಜವಾಗಿ ಓದಿಗೆ ಬೇಕಾದಾಗ ಯಾವ ಮಾತು ಉಳಿದಿರುತ್ತದೆ?

ನಾನು ಅಪ್ಪನಿಗೆ ನೇರವಾಗಿ 'ಆಟ ಆಡೋಕೆ ಅಪ್ಪ, ನನ್ನ ದುಡ್ಡಲ್ಲಿ' ಎಂದಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪರೀಕ್ಷೆ ದುಡ್ಡು ಮುಟ್ಟಬೇಡ' ಎಂದರು. ಎಸ್.ಪಿ. ರಸ್ತೆಗೆ ಅವರು ಜತೆಗೆ ಬಂದದ್ದು ಆ ನೇರ ಮಾತಿನಿಂದಲೇ ಎಂದುಕೊಂಡಿದ್ದೇನೆ.

ಕಾರ್ಡಿಗೆ 6,800, ಹಳೆಯ 8 ಜಿಬಿ ರ‍್ಯಾಮ್ ಕಡ್ಡಿಗೆ 1,800, ವಿಜಿಎ ಅಡಾಪ್ಟರ್‌ಗೆ 250. ಒಟ್ಟು 8,850. ಜಿಟಿಎ 5 ಈಗ 1080ಪಿಯಲ್ಲಿ ಸೆಕೆಂಡಿಗೆ 60ರ ಆಸುಪಾಸಿನಲ್ಲಿ ಓಡುತ್ತದೆ. ನನ್ನ ಮಾನಿಟರ್ 60 ಹರ್ಟ್ಸ್‌ನದು, ಅದಕ್ಕಿಂತ ಹೆಚ್ಚು ಬಂದರೂ ಅದು ತೋರಿಸುವುದಿಲ್ಲ. ಉಳಿದ 2,150 ರೂಪಾಯಿಯನ್ನು ಪರೀಕ್ಷಾ ಶುಲ್ಕಕ್ಕೆಂದು ಅದೇ ಸೋಮವಾರ ಬ್ಯಾಂಕಿಗೆ ಹಾಕಿದೆ.